ನೆತ್ತರು ತೊಳೆಯುವ ನೀರು

ತುಮಕೂರಿನಿಂದ ಉತ್ತರಾಭಿಮುಖವಾಗಿ ಹೊರಟು, ಕೊರಟಗೆರೆಯ ಗುಡ್ಡಸಾಲನ್ನು ಹಾದು, ಮಧುಗಿರಿಯ ಏಕಶಿಲಾ ಪರ್ವತದ ನೆರಳನ್ನು ದಾಟಿ, ಶಿರಾ ಪಾವಗಡಗಳ ಬಯಲಿಗೆ ಇಳಿಯುವ ಪಯಣಿಗನಿಗೆ ದಾರಿಯುದ್ದಕ್ಕೂ ಕೆರೆಯ ಏರಿಗಳು ಕಾಣಸಿಗುವುವು. ತೂಬು ಇರುವುದು, ಕೋಡಿ ಇರುವುದು, ಏರಿಯ ಮೇಲೆ ಗ್ರಾಮದೇವತೆಯ ಗುಡಿಯೂ ಇರುವುದು. ಇವೆಲ್ಲದರ ನಡುವೆ ಇರಬೇಕಾದ ನೀರು ಮಾತ್ರ ಬಹುತೇಕ ವರ್ಷಗಳಲ್ಲಿ ಇರದು. ಶಿರಾ ತಾಲ್ಲೂಕಿನ ಬರಗೂರು ಇಂತಹ ಸೀಮೆಯ ಊರು. ಅದರ ಹೆಸರನ್ನು ಉಚ್ಚರಿಸುವಾಗ ಬರವೆಂಬ ಮಾತೂ ಬರಗೆಂಬ ಕಿರುಧಾನ್ಯದ ಹೆಸರೂ ಒಟ್ಟಿಗೆ ಕಿವಿಗೆ ಬೀಳುವುವು. ಎರಡೂ ಈ ನೆಲಕ್ಕೆ ಹೊಂದುವಂಥವೇ. ಹೆಣ್ಣುಮಕ್ಕಳು ಕೊಡದ ಲೆಕ್ಕದಲ್ಲಿ, ರೈತರು ಬೋರಿನ ಅಡಿಯ ಲೆಕ್ಕದಲ್ಲಿ ನೀರನ್ನು ಅಳೆದು ಬದುಕಿದ ಈ ನಾಲ್ಕು ತಾಲ್ಲೂಕುಗಳಿಗೆ, ಮನುಷ್ಯನ ರಕ್ತವನ್ನು ನೀರಿನ ಸಹಾಯದಿಂದ ತೊಳೆಯುವ ಒಂದು ಚಿಕಿತ್ಸೆ ಹೇಗೆ ಬಂದಿತು, ಎಲ್ಲಿಂದ ಬಂದಿತು, ಬಂದ ಮೇಲೆ ಇಲ್ಲಿಯ ನೀರಿನೊಡನೆ ಅದಕ್ಕೆ ಎಂತಹ ಸಂಬಂಧ ಏರ್ಪಟ್ಟಿತು ಎಂಬುದನ್ನು ವಿಚಾರಮಾಡುವುದು ಈ ಬರಹದ ಉದ್ದೇಶ.

ರೋಗವೇನೋ ಹೊಸದಲ್ಲ. ಬೆಳಗ್ಗೆ ಎದ್ದಾಗ ರೆಪ್ಪೆ ಊದಿಕೊಂಡಿರುವುದು, ಸಂಜೆಗೆ ಪಾದ ಬಾತು ಬೆರಳಿನಿಂದ ಒತ್ತಿದರೆ ಕುಳಿ ಬೀಳುವುದು, ಅನ್ನ ಸೇರದೆ ವಾಕರಿಕೆ ಬರುವುದು, ಕಡೆಕಡೆಗೆ ಏದುಸಿರು ಹತ್ತಿ ಪ್ರಜ್ಞೆ ಮಸುಕಾಗುವುದು — ಇವನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. 'ಮೈಗೆ ನೀರು ಬಂದಿದೆ' ಎಂಬ ಒಂದೇ ಮಾತಿನಲ್ಲಿ ಅದನ್ನು ಹೇಳುತ್ತಲೂ ಇದ್ದರು. ಹೊಲಕ್ಕೆ ಬಾರದ ನೀರು ಮೈಗೆ ಬಂದು ಮನುಷ್ಯನನ್ನು ಮುಳುಗಿಸುವ ಆ ದಾರುಣವನ್ನು ಎದುರಿಸಲು ಅವರಲ್ಲಿದ್ದುದು ನೆಗ್ಗಿಲುಮುಳ್ಳಿನ ಕಷಾಯ, ಕೊಮ್ಮೆಗಿಡದ ಬೇರು, ಬಾಳೆದಿಂಡಿನ ರಸ, ಹುರುಳಿಯ ಕಟ್ಟು. ಇವಕ್ಕೂ ಬಗ್ಗದಿದ್ದರೆ ಮೂಲಿಕೆಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟ. ಶಾಸ್ತ್ರವೂ ಮೌನವಾಗಿರಲಿಲ್ಲ. ಸುಶ್ರುತಸಂಹಿತೆಯು ಮೂತ್ರಾಶ್ಮರಿಯ ಶಸ್ತ್ರಕ್ರಿಯೆಯನ್ನು ವಿವರಿಸಿರುವುದಲ್ಲದೆ, ಜಲೋದರದಲ್ಲಿ ನಾಭಿಯ ಕೆಳಗೆ ಎಡಪಾರ್ಶ್ವದಲ್ಲಿ ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ನಾಳವನ್ನು ಇಟ್ಟು, ನೀರನ್ನು ಮೆಲ್ಲಮೆಲ್ಲನೆ ಇಳಿಸುವ ಕ್ರಮವನ್ನೂ ಹೇಳಿರುವುದು. ಆದರೆ ನೀರನ್ನು ಇಳಿಸುವುದು ಒಂದು, ರಕ್ತದಲ್ಲಿ ಕರಗಿ ನಿಂತ ಕಲ್ಮಷವನ್ನು ತೆಗೆಯುವುದು ಇನ್ನೊಂದು. ಆ ಎರಡನೆಯ ಕಾರ್ಯ ಲೋಕದ ಯಾವ ವೈದ್ಯಪದ್ಧತಿಗೂ ಇಪ್ಪತ್ತನೆಯ ಶತಮಾನದವರೆಗೆ ಸಾಧ್ಯವಾಗಲಿಲ್ಲ.

ಮೈಯ ಊತಕ್ಕೂ ಮೂತ್ರಪಿಂಡಕ್ಕೂ ಇರುವ ನಂಟನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್. ಅವನ ಗ್ರಂಥ ಪ್ರಕಟವಾದುದು 1827ರಲ್ಲಿ. ಅವನ ಉಪಕರಣವಾದರೂ ಏನು? ಒಂದು ಚಮಚ, ಒಂದು ಮೇಣದ ಬತ್ತಿ. ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಬತ್ತಿಯ ಜ್ವಾಲೆಯ ಮೇಲೆ ಕಾಯಿಸಿದರೆ, ಮೊಟ್ಟೆಯ ಬಿಳಿಯಂತೆ ಅದು ಹೆಪ್ಪುಗಟ್ಟಿ ಬೆಳ್ಳಗಾಗುತ್ತಿದ್ದಿತು. ದೇಹದಲ್ಲಿ ಉಳಿಯಬೇಕಾದ ಸಾರವು ಮೂತ್ರಪಿಂಡದ ಜರಡಿ ಹರಿದು ಹೊರಕ್ಕೆ ಸೋರಿಹೋಗುತ್ತಿದೆಯೆಂಬುದಕ್ಕೆ ಅದೇ ಸಾಕ್ಷ್ಯ. ರೋಗವನ್ನು ಗುರುತಿಸಿದ ಬ್ರೈಟನಿಗೆ ಅದನ್ನು ಗುಣಪಡಿಸುವ ಸಾಧನವಿರಲಿಲ್ಲವಾದರೂ, ಆ ಚಮಚದ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟಿರಬೇಕು; ಮುಂದೆ ಅದು ಬೇಕಾಗುವುದು.

ಜರಡಿ ಎಂದೆನಷ್ಟೆ. ಆ ಜರಡಿಯ ತತ್ತ್ವವನ್ನು ಪ್ರಯೋಗಶಾಲೆಯಲ್ಲಿ ಮೊದಲು ಸಾಧಿಸಿದವನು ಸ್ಕಾಟ್ಲೆಂಡಿನ ರಸಾಯನಜ್ಞ ಥಾಮಸ್ ಗ್ರಹಾಮ್. ನಮ್ಮ ಹೆಂಗಸರು ಹಿಟ್ಟು ಸಾಣಿಸುವ ಜರಡಿಯ ಆಕಾರದ ಒಂದು ಬಳೆಗೆ ತೊಗಲಿನಂತಹ ಕಾಗದವನ್ನು ಬಿಗಿದು, ಅದನ್ನು ನೀರಿನ ಮೇಲೆ ತೇಲಬಿಟ್ಟು, ಒಳಗೆ ಮೂತ್ರವನ್ನು ಹೊಯ್ದು ಕಾದು ನೋಡಿದಾಗ, ಅದರಲ್ಲಿದ್ದ ಯೂರಿಯಾ ಎಂಬ ಲವಣಸದೃಶ ವಸ್ತುವು ಕಾಗದವನ್ನು ಹಾದು ಕೆಳಗಿನ ನೀರಿಗೆ ಇಳಿದುಬಂದಿತು. ದೊಡ್ಡ ಕಣಗಳ ಅಂಟುವಸ್ತುಗಳು ಮೇಲೆಯೇ ಉಳಿದುವು. ಹೀಗೆ ಬಿಡಿಸಿ ಬೇರ್ಪಡಿಸುವುದಕ್ಕೆ ಗ್ರೀಕ್ ಧಾತುಗಳಿಂದ 'ಡಯಾಲಿಸಿಸ್' ಎಂಬ ಹೆಸರನ್ನು ಅವನು 1861ರಲ್ಲಿ ಬಳಕೆಗೆ ತಂದನು. ಇಂದು ಬರಗೂರಿನ ಬಸ್‌ ನಿಲ್ದಾಣದಲ್ಲಿ ಅಕ್ಷರ ಬಾರದ ಅಜ್ಜಿಯೂ ತಡವರಿಸದೆ ಆಡುವ ಆ ಮಾತು, ನೀರಿನ ಮೇಲೆ ತೇಲಿದ ಒಂದು ಜರಡಿಯಿಂದ ಹುಟ್ಟಿದುದು.

ಜರಡಿ ಸಿಕ್ಕಿತು, ಆದರೆ ಮೈಯಿಂದ ಹೊರಬಂದ ರಕ್ತವು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುವುದಲ್ಲವೆ? 1913ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಏಬಲ್ ಮತ್ತು ಅವನ ಸಂಗಡಿಗರು ನಾಯಿಗಳ ರಕ್ತವನ್ನು ಕೊಲೋಡಿಯನ್ ಕೊಳವೆಗಳ ಮೂಲಕ ಹರಿಸಿ ಮರಳಿಸುವಾಗ ಈ ವಿಘ್ನವನ್ನು ನಿವಾರಿಸಿದುದು ಜಿಗಣೆಯ ಬಲದಿಂದ. ಕೆರೆಗೆ ಇಳಿದ ಎಮ್ಮೆಯ ಕಾಲಿಗೆ ಹತ್ತಿದ ಜಿಗಣೆಯನ್ನು ಕಿತ್ತು ಎಸೆದ ಮೇಲೂ ಗಾಯದಿಂದ ನೆತ್ತರು ಜಿನುಗುತ್ತಲೇ ಇರುವುದನ್ನು ನಮ್ಮ ಕಡೆಯ ದನಗಾಹಿ ಹುಡುಗರೆಲ್ಲರೂ ಬಲ್ಲರು. ರಕ್ತವನ್ನು ಹೆಪ್ಪುಗಟ್ಟಗೊಡದ ಆ ದ್ರವ್ಯವನ್ನೇ ಏಬಲ್ ಜಿಗಣೆಗಳ ತಲೆಯಿಂದ ಬಸಿದು ತೆಗೆದನು. 1924ರಲ್ಲಿ ಜರ್ಮನಿಯ ಗೀಸೆನ್ ಪಟ್ಟಣದ ಗಿಯೋರ್ಗ್ ಹಾಸ್ ಎಂಬ ವೈದ್ಯನು ಮೊದಲ ಬಾರಿಗೆ ಮನುಷ್ಯನ ಮೇಲೆ ಈ ಪ್ರಯೋಗವನ್ನು ನಡೆಸಿದನು. ಕೆಲವು ವರ್ಷಗಳಲ್ಲಿಯೇ ಜಿಗಣೆಯ ದ್ರವ್ಯವನ್ನು ಬಿಟ್ಟು, ಇಂದಿಗೂ ಬಳಕೆಯಲ್ಲಿರುವ ಹೆಪಾರಿನ್ ಎಂಬ ಔಷಧವನ್ನು ಹಿಡಿದನು. ರೋಗಿಗಳು ಮಾತ್ರ ಉಳಿಯಲಿಲ್ಲ.

ಉಳಿಸಿದವನು ವಿಲೆಮ್ ಕೋಲ್ಫ್. ಮಹಾಯುದ್ಧದ ಕಾಲ, ಹಾಲೆಂಡ್ ಜರ್ಮನರ ವಶದಲ್ಲಿದ್ದ ದಿನಗಳು, ಕಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆ. ಮಾಂಸದ ಸಾಸೇಜುಗಳಿಗೆ ಹೊದಿಕೆಯಾಗಿ ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಪಟ್ಟಿಗಳ ಉರುಳೆಯೊಂದಕ್ಕೆ ಸುತ್ತಿ, ಉರುಳೆಯ ಕೆಳಭಾಗವನ್ನು ಲವಣಜಲದ ತೊಟ್ಟಿಯಲ್ಲಿ ಮುಳುಗಿಸಿ, ಬಾವಿಯ ರಾಟೆ ತಿರುಗುವಂತೆ ತಿರುಗಿಸುತ್ತ, ಒಳಗೆ ಹರಿಯುವ ರಕ್ತದ ವಿಷವನ್ನು ಹೊರಗಿನ ನೀರಿಗೆ ಇಳಿಸುವ ಯಂತ್ರವನ್ನು ಅವನು 1943ರಲ್ಲಿ ಕಟ್ಟಿದನು. ಮೊದಲ ಹದಿನೈದು ರೋಗಿಗಳಲ್ಲಿ ಹೆಚ್ಚುಕಡಮೆ ಎಲ್ಲರೂ ತೀರಿಕೊಂಡರು. ಆದರೂ ಅವನು ಕೈಬಿಡಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಪ್ರಜ್ಞೆ ತಪ್ಪಿದ ಅರುವತ್ತೇಳು ವರ್ಷದ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ತಂದರು. ಶತ್ರುಗಳೊಡನೆ ಸೇರಿದ್ದಳೆಂಬ ಆಪಾದನೆಯ ಮೇಲೆ ಸೆರೆಯಲ್ಲಿದ್ದ ಅವಳನ್ನು ಊರಿನವರು ದ್ವೇಷಿಸುತ್ತಿದ್ದರು. ಕೋಲ್ಫ್ ಅವಳ ರಕ್ತವನ್ನು ಯಂತ್ರಕ್ಕೆ ಹರಿಸಿದನು. ಅವಳು ಕಣ್ಣು ತೆರೆದಳು. ಮುಂದೆ ವರ್ಷಗಳ ಕಾಲ ಬಾಳಿದಳು. ವೈದ್ಯನಾದವನು ರೋಗಿಯ ಯೋಗ್ಯಾಯೋಗ್ಯತೆಯನ್ನು ವಿಚಾರಿಸಕೂಡದೆಂಬ ಧರ್ಮವು ಈ ಚಿಕಿತ್ಸೆಯ ಮೊದಲ ವಿಜಯದಲ್ಲಿಯೇ ಬೆಸೆದುಕೊಂಡಿರುವುದು.

ಆ ಧರ್ಮಕ್ಕೆ ಪರೀಕ್ಷೆ ಒದಗಿದುದು ಅಮೆರಿಕದ ಸಿಯಾಟಲ್ ನಗರದಲ್ಲಿ. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಅದುವರೆಗೆ ಡಯಾಲಿಸಿಸ್ ಎಂಬುದು ಕೆಲವು ದಿನಗಳ ಆಪದ್ಧನವಾಗಿತ್ತೇ ಹೊರತು ಬಾಳಿನ ಆಧಾರವಾಗಿರಲಿಲ್ಲ. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನಿನ ಕೊಳವೆಯೊಂದನ್ನು ತೋಳಿನಲ್ಲಿ ಶಾಶ್ವತವಾಗಿ ನಿಲ್ಲಿಸಿದ ಮೇಲೆ, ಕ್ಲೈಡ್ ಶೀಲ್ಡ್ಸ್ ಎಂಬ ಅವನ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದನು. ಬದುಕಬಹುದೆಂದು ತಿಳಿದೊಡನೆ ಬಂದವರು ಬಹಳ, ಇದ್ದ ಯಂತ್ರಗಳು ಕೆಲವೇ. ಯಾರಿಗೆ ಯಂತ್ರ, ಯಾರಿಗೆ ಇಲ್ಲವೆಂಬುದನ್ನು ನಿರ್ಣಯಿಸಲು ನಾಗರಿಕರ ಸಮಿತಿಯೊಂದನ್ನು ನೇಮಿಸಿದರು. ಉದ್ಯೋಗ, ಸಂಸಾರ, ದೇವಾಲಯಕ್ಕೆ ಹೋಗುವ ಅಭ್ಯಾಸ ಮುಂತಾದುವನ್ನು ತೂಗಿ ಸಾವು ಬದುಕನ್ನು ಹಂಚಿದ ಆ ಸಮಿತಿಯ ವೃತ್ತಾಂತವು 1962ರಲ್ಲಿ ಪತ್ರಿಕೆಯಲ್ಲಿ ಬಂದಾಗ ಓದಿದವರ ಮನಸ್ಸು ಕಲಕಿತು. ಕಡೆಗೆ 1972ರಲ್ಲಿ ಆ ದೇಶದ ಶಾಸನವೇ ಈ ಚಿಕಿತ್ಸೆಯ ವೆಚ್ಚವನ್ನು ಹೊತ್ತಿತು. ಈ ನಡುವೆ, 1966ರಲ್ಲಿ, ಬ್ರೆಸಿಯಾ, ಚಿಮಿನೊ ಮೊದಲಾದವರು ಮಣಿಕಟ್ಟಿನ ಬಳಿ ಧಮನಿಯನ್ನೂ ಸಿರೆಯನ್ನೂ ಕೂಡಿಸಿ ಹೊಲಿಯುವ 'ಫಿಸ್ಟುಲಾ' ವಿಧಾನವನ್ನು ಪ್ರಕಟಿಸಿದರು. ನಮ್ಮ ಹಳ್ಳಿಯ ರೋಗಿಗಳ ಕೈಯಲ್ಲಿ ಇಂದು ಕಾಣುವುದು ಅದೇ.

ಬೇರೆ ಎರಡು ಮಾರ್ಗಗಳೂ ಇದರೊಡನೆ ಬೆಳೆದುವು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿಮಾಡಿ ಯಶಸ್ವಿಯಾದನು. 1976ರಲ್ಲಿ ಪಾಪೊವಿಚ್, ಮಾನ್‌ಕ್ರೀಫ್ ಎಂಬವರು, ಹೊಟ್ಟೆಯ ಒಳಪೊರೆಯನ್ನೇ ಜರಡಿಯಾಗಿ ಬಳಸಿ, ದ್ರವವನ್ನು ತುಂಬಿ ಬಸಿಯುವುದನ್ನು ರೋಗಿ ಮನೆಯಲ್ಲಿಯೇ ದಿನಕ್ಕೆ ಹಲವು ಬಾರಿ ಮಾಡಿಕೊಳ್ಳಬಹುದಾದ ಕ್ರಮವನ್ನು ರೂಪಿಸಿದರು. ಆಸ್ಪತ್ರೆ ದೂರವಿರುವ ಊರುಗಳಿಗೆ ಇದು ಒಪ್ಪುವಂಥದೇ. ಆದರೆ ಧೂಳಿಲ್ಲದ ಕೋಣೆ, ಸೋಂಕಿಲ್ಲದ ಕೈ, ತಪ್ಪದೆ ಬರುವ ದ್ರವದ ಚೀಲ, ಇವು ದನದ ಕೊಟ್ಟಿಗೆಯೂ ಅಡುಗೆಯ ಮನೆಯೂ ಒಂದೇ ಗೋಡೆಯ ಆಚೀಚೆ ಇರುವಲ್ಲಿ ಸುಲಭಸಾಧ್ಯವಲ್ಲ.

ನಮ್ಮ ದೇಶದಲ್ಲಿ 1960ರ ದಶಕದ ಆದಿಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆರಂಭವಾಯಿತು. ಅಲ್ಲಿಯೇ 1971ರಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿಯೂ ಸಫಲವಾಯಿತು. ನಮ್ಮ ಸೀಮೆಯವರಿಗೆ ದೊಡ್ಡ ಕಾಯಿಲೆಯೆಂದರೆ ಬೆಂಗಳೂರು. ಬೆಂಗಳೂರೆಂದರೆ, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ. ಅದರ ಆವರಣದಲ್ಲಿಯೇ ಮುಂದೆ ನೆಫ್ರೊ ಯೂರಾಲಜಿ ಸಂಸ್ಥೆ ನೆಲೆಗೊಂಡುದು ಬಡವರಿಗೆ ಆದ ದೊಡ್ಡ ಉಪಕಾರ. ಕಸಿಗಾಗಿ ನಡೆಯುತ್ತಿದ್ದ ಅಂಗಾಂಗಗಳ ವ್ಯಾಪಾರವನ್ನು ತಡೆಯುವ ಕಾಯಿದೆಯನ್ನು ಸಂಸತ್ತು 1994ರಲ್ಲಿ ಮಾಡಿತು. ಮಿದುಳು ನಿಷ್ಕ್ರಿಯವಾದವರ ಬಂಧುಗಳು ಒಪ್ಪಿ ನೀಡುವ ಅಂಗಗಳನ್ನು ಸರದಿಯಂತೆ ಹಂಚುವ ಕಾರ್ಯವನ್ನು ಈಗ 'ಜೀವಸಾರ್ಥಕತೆ' ಎಂಬ ಸರಕಾರಿ ಸಂಸ್ಥೆ ನಡೆಸುತ್ತಿದೆ. ಇಷ್ಟಾದರೂ ಶಿರಾದಿಂದ ಬೆಂಗಳೂರಿಗೆ ಸುಮಾರು 120 ಕಿಲೋಮೀಟರು. ಮೂರು ದಿಕ್ಕಿನಲ್ಲಿಯೂ ಆಂಧ್ರದ ನೆಲವನ್ನೇ ಗಡಿಯಾಗಿ ಪಡೆದ ಪಾವಗಡದಿಂದ ಇನ್ನೂ ದೂರ. ವಾರಕ್ಕೆ ಎರಡು ಮೂರು ಸಲ, ಬದುಕಿರುವವರೆಗೂ, ಆ ದೂರವನ್ನು ಯಾವ ಕೂಲಿಯವನು ಕ್ರಮಿಸಬಲ್ಲನು? ಸಿಯಾಟಲಿನಲ್ಲಿ ಸಮಿತಿಯೊಂದು ಕುಳಿತು ಮಾಡಿದ ನಿರ್ಣಯವನ್ನು ನಮ್ಮಲ್ಲಿ ಬಸ್ಸಿನ ದರವೂ ಕೂಲಿಯ ನಷ್ಟವೂ ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದುವು. ಮನೆಯವರು ಒಂದು ಎಮ್ಮೆ ಮಾರುವರು, ಎರಡನೆಯದನ್ನು ಮಾರುವರು. ಆಮೇಲೆ ರೋಗಿಯೇ 'ಸಾಕು ಬಿಡ್ರಪ್ಪ, ಮಕ್ಕಳಿಗೆ ಒಂದಿಷ್ಟು ಉಳೀಲಿ' ಎಂದು ಹಾಸಿಗೆ ಹಿಡಿಯುವನು.

ಈ ಸ್ಥಿತಿ ಮಾರ್ಪಡಲು ತೊಡಗಿದುದು ತೀರ ಇತ್ತೀಚೆಗೆ. 2016ರ ಕೇಂದ್ರ ಮುಂಗಡಪತ್ರದ ಭಾಷಣದಲ್ಲಿ, ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಮಂದಿ ಮೂತ್ರಪಿಂಡ ಪೂರ್ತಿ ಸೋತ ರೋಗಿಗಳು ಹೊಸದಾಗಿ ಸೇರುತ್ತಿರುವರೆಂದೂ, ಒಂದೊಂದು ಡಯಾಲಿಸಿಸ್‌ಗೆ 2,000 ರೂಪಾಯಿಯಂತೆ ವರ್ಷಕ್ಕೆ 3 ಲಕ್ಷ ರೂಪಾಯಿಗೂ ಮಿಕ್ಕಿ ವೆಚ್ಚವಾಗುವುದೆಂದೂ ಹೇಳಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೇವೆಯನ್ನು ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಸಾರಲಾಯಿತು. ಕರ್ನಾಟಕವು ಜಿಲ್ಲೆಯಲ್ಲಿ ನಿಲ್ಲದೆ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳನ್ನು ಕಳುಹಿಸಿತು. ಕಂಪೆನ್ನಿನ ಉರುಳೆಯ ಮೊಮ್ಮಗನೆನ್ನಬಹುದಾದ ಯಂತ್ರವು ಹೀಗೆ ಎಪ್ಪತ್ತು ವರ್ಷಗಳ ಮೇಲೆ ಈ ಬಯಲಿಗೆ ಬಂದು ತಲಪಿತು.

ಅದನ್ನು ಹತ್ತಿರದಿಂದ ನೋಡೋಣ. ಸಾಸೇಜಿನ ಹೊದಿಕೆ ಹೋಗಿ, ಈಗ ಒಂದು ಮೊಳಕ್ಕೂ ಕಡಮೆ ಉದ್ದದ ಪಾರದರ್ಶಕ ಕೊಳವೆಯೊಳಗೆ ಕೂದಲಿನಷ್ಟು ಸಣ್ಣನೆಯ ಸುಮಾರು ಹತ್ತು ಸಾವಿರ ಟೊಳ್ಳು ಎಳೆಗಳು ಬಂದಿವೆ. ಎಳೆಗಳ ಒಳಗೆ ರಕ್ತ, ಹೊರಗೆ ಎದುರು ದಿಕ್ಕಿನಲ್ಲಿ ಹರಿಯುವ ಲವಣಜಲ. ನಾಲ್ಕು ಗಂಟೆಯ ಕಾಲ ಹೀಗೆ. ಫಿಸ್ಟುಲಾ ಮಾಡಿದ ಕೈಯ ಮೇಲೆ ಬೆರಳಿಟ್ಟರೆ ಜೇನುಹುಟ್ಟಿನ ಮೇಲೆ ಕೈಯಿಟ್ಟಂತೆ ಝೇಂಕಾರ ತಿಳಿಯುವುದು. ಅದು ನಿಂತರೆ ಕೈ ಕೆಟ್ಟಿತೆಂದು ಅರ್ಥ. ಆದುದರಿಂದ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಅದರ ಮೇಲೆ ತಲೆಯಿಟ್ಟು ಮಲಗುವಂತಿಲ್ಲ. ನೇಗಿಲು ಹಿಡಿದ ಕೈಯನ್ನು ಹಸುಗೂಸಿನಂತೆ ಕಾಪಾಡಿಕೊಳ್ಳುವುದನ್ನು ಆ ರೈತ ನಡುವಯಸ್ಸಿನಲ್ಲಿ ಕಲಿಯಬೇಕು.

ಮನೆಗೆ ಬಂದರೆ ಅಡುಗೆಯ ಮನೆಯಲ್ಲಿ ಇನ್ನೊಂದು ಪಾಠ. ಸೋತ ಮೂತ್ರಪಿಂಡವು ಪೊಟ್ಯಾಸಿಯಮನ್ನು ಹೊರಹಾಕಲಾರದು; ಅದು ರಕ್ತದಲ್ಲಿ ಹೆಚ್ಚಿದರೆ ಹೃದಯವು ಹಠಾತ್ತನೆ ನಿಲ್ಲಬಹುದು. ಹಾಗಾಗಿ ಸೊಪ್ಪು ತರಕಾರಿಗಳನ್ನು ಹೆಚ್ಚಿನ ನೀರಿನಲ್ಲಿ ಬೇಯಿಸಿ, ಬಸಿದು, ಆ ನೀರನ್ನು ಚೆಲ್ಲಬೇಕೆಂದು ವೈದ್ಯರು ಹೇಳುವರು. ಆದರೆ ನಮ್ಮ ಸೀಮೆಯ ಊಟದ ಜೀವವೇ ಆ ಬಸಿದ ನೀರು! ಸೊಪ್ಪು ಕಾಳು ಬೇಯಿಸಿ, ಕಟ್ಟನ್ನು ಬಸಿದು, ಅದಕ್ಕೆ ಖಾರ ರುಬ್ಬಿ ಹಾಕಿದರೆ ಬಸ್ಸಾರು. ಮುದ್ದೆ ಇಳಿಯುವುದು ಅದರಲ್ಲಿ. ತಲೆತಲಾಂತರದಿಂದ ಒಂದು ತೊಟ್ಟನ್ನೂ ಚೆಲ್ಲದೆ ಬಂದ ಮನೆಯಾಕೆ, ಗಂಡನ ತಟ್ಟೆಗೆ ಪಲ್ಯವನ್ನು ಮಾತ್ರ ಬಡಿಸಿ ಕಟ್ಟನ್ನು ಬೇರೆಯಾಗಿ ಎತ್ತಿಡುವಾಗ ಅವಳ ಕೈ ಒಂದು ಕ್ಷಣ ತಡೆಯುವುದು. ಎಳನೀರಿಗೂ ಇದೇ ನಿಷೇಧ. ಕಾಯಿಲೆಯವರಿಗೆಂದೇ ಕೀಳಿಸುತ್ತಿದ್ದ ಎಳನೀರು ತನ್ನ ತೋಟದ ಮರದಲ್ಲಿಯೇ ತೂಗುತ್ತಿದ್ದರೂ ಅವನು ಮುಟ್ಟುವಂತಿಲ್ಲ. ಮೂತ್ರವೇ ಇಳಿಯದ ಮೈಗೆ ನೀರೂ ಅಳತೆಯದು: ಇಡೀ ದಿನಕ್ಕೆ ಒಂದು ಲೀಟರೋ, ಅದಕ್ಕೂ ಕಡಮೆಯೋ. ಏಪ್ರಿಲ್ ತಿಂಗಳ ಶಿರಾದ ಬಿಸಿಲಿನಲ್ಲಿ ಆ ವ್ರತವನ್ನು ಪಾಲಿಸುವವನ ಬಾಯಾರಿಕೆಯನ್ನು ಊಹಿಸಿದರೆ, ಉಪವಾಸದ ಬಗೆಗೆ ನಾವು ಆಡುವ ದೊಡ್ಡ ಮಾತುಗಳೆಲ್ಲ ಸಣ್ಣವಾಗಿ ತೋರುವುವು.

ಕುಡಿಯಲು ಇಷ್ಟು ಮಿತಿಯಿರುವ ಅವನಿಗೆ ರಕ್ತ ತೊಳೆಯಲು ಬೇಕಾಗುವ ನೀರೆಷ್ಟು? ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರು. ಅಷ್ಟು ಶುದ್ಧಜಲವನ್ನು ಪಡೆಯಲು ಶೋಧಕಯಂತ್ರಕ್ಕೆ ಊಡಿಸಬೇಕಾದ ನೀರು ಇನ್ನೂ ಹೆಚ್ಚು. ನಾವು ಕುಡಿದ ನೀರು ಕರುಳಿನ ಕಾವಲನ್ನು ದಾಟಿ ರಕ್ತಕ್ಕೆ ಸೇರುವುದು. ಡಯಾಲಿಸಿಸ್ ನೀರಿಗೂ ರಕ್ತಕ್ಕೂ ನಡುವೆ ಇರುವುದು ತೆಳುವಾದ ಒಂದು ಪೊರೆ. ಆಳದ ಕೊಳವೆಬಾವಿಗಳಿಂದ ಫ್ಲೋರೈಡ್ ಬೆರೆತ ನೀರನ್ನು ಎತ್ತಿ ಕುಡಿದು, ಹಲ್ಲು ಕಂದಾಗಿ, ಮಂಡಿ ಬಾಗಿದ ಪಾವಗಡ ಮಧುಗಿರಿಗಳ ಸೀಮೆಗೆ ಇದು ಬಹು ದೊಡ್ಡ ಮಾತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನವರೆಗೆ ಇರಬಹುದೆಂದು ನಮ್ಮ ಮಾನದಂಡ ಸಹಿಸುವುದು. ಡಯಾಲಿಸಿಸ್ ನೀರಿನಲ್ಲಿ 0.2 ಮಿಲಿಗ್ರಾಮನ್ನು ಮೀರಕೂಡದು. ಮೀರಿದ ಕಡೆ ಏನಾಗುವುದೆಂಬುದನ್ನು ಲೋಕ ಕಂಡಿದೆ: 1993ರಲ್ಲಿ ಶಿಕಾಗೋ ನಗರದಲ್ಲಿ ಶೋಧಕವೊಂದು ಸೋತು ಫ್ಲೋರೈಡ್ ಹರಿದು ಮೂವರು ಸತ್ತರು. 1996ರಲ್ಲಿ ಬ್ರೆಜಿಲಿನ ಕರುವಾರು ಎಂಬ ಒಣಸೀಮೆಯ ಊರಿನಲ್ಲಿ ಜಲಾಶಯದ ನೀರನ್ನು ಸರಿಯಾಗಿ ಶುದ್ಧಿಮಾಡದೆ ಟ್ಯಾಂಕರಿನಲ್ಲಿ ತಂದು ಬಳಸಿದಾಗ, ಅದರಲ್ಲಿದ್ದ ಪಾಚಿಯ ವಿಷವು ಐವತ್ತಕ್ಕೂ ಹೆಚ್ಚು ರೋಗಿಗಳ ಪ್ರಾಣವನ್ನು ಒಯ್ದಿತು. ಬೇಸಗೆಯಲ್ಲಿ ಟ್ಯಾಂಕರಿನ ದಾರಿಯನ್ನು ಕಾಯುವ ನಾವು ಕರುವಾರುವಿನ ಕಥೆಯನ್ನು ದೂರದ ದೇಶದ ಸುದ್ದಿಯೆಂದು ಬದಿಗಿರಿಸಲಾಗದು. ಯಂತ್ರವನ್ನು ತಂದು ನಿಲ್ಲಿಸಿದಷ್ಟಕ್ಕೇ ಕೆಲಸ ಮುಗಿಯದು. ಅದರ ಹಿಂಬದಿಯ ಕೋಣೆಯಲ್ಲಿ ನೀರನ್ನು ಶೋಧಿಸುವ ಪೊರೆಗಳನ್ನು ಕಾಲಕಾಲಕ್ಕೆ ಬದಲಿಸಿ, ನೀರನ್ನು ತಪ್ಪದೆ ಪರೀಕ್ಷಿಸುವವನೂ ವೈದ್ಯನಷ್ಟೇ ಪ್ರಾಣದಾತ. ಹೇಮಾವತಿಯ ನೀರು ಶಿರಾ ಕಡೆಗೂ, ತುಂಗಭದ್ರೆಯ ಹಿನ್ನೀರು ಪಾವಗಡದ ಕಡೆಗೂ ಹರಿದುಬರುವುದೆಂದರೆ ಹೊಲಕ್ಕೂ ಹೂಜಿಗೂ ಮಾತ್ರವಲ್ಲದೆ ನೆತ್ತರಿಗೂ ಆದ ಉಪಕಾರವೆಂದು ನಾನು ಎಣಿಸುವೆನು. ಹೂಳು ತೆಗೆದು ತುಂಬಿಸಿಕೊಂಡ ಪ್ರತಿಯೊಂದು ಕೆರೆಯೂ ಹಾಗೆಯೇ.

ಆದರೂ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಪಟ್ಟು ಯಂತ್ರಗಳನ್ನು ಇಟ್ಟರೂ ತೀರದ ಕೆಲಸವೊಂದು ಉಳಿದಿರುವುದು. ಮೂತ್ರಪಿಂಡವು ಸದ್ದಿಲ್ಲದೆ ಸೋಲುವ ಅಂಗ. ಮುಕ್ಕಾಲುಪಾಲು ಕೆಟ್ಟ ಮೇಲೆಯೂ ನೋವೆನ್ನದು. ಅದನ್ನು ಕೆಡಿಸುವುವುಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಮುಖ್ಯವಾದುವು. ಮಂಡಿನೋವಿಗೆಂದು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವ ನೋವಿನ ಗುಳಿಗೆಯೂ ಅವುಗಳಲ್ಲಿ ಸೇರಿರುವುದು. ಸಕಾಲದಲ್ಲಿ ತಿಳಿದರೆ ಆ ಸೋಲನ್ನು ಎಷ್ಟೋ ವರ್ಷ ಮುಂದೂಡಬಹುದು. ತಿಳಿಯುವ ಮಾರ್ಗವೂ ದುಬಾರಿಯದಲ್ಲ. ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಿಸುವ ಕಾಗದದ ಪಟ್ಟಿಯೊಂದು ಸಾಕು. ಬ್ರೈಟನು ಮೇಣದ ಬತ್ತಿಯ ಬೆಳಕಿನಲ್ಲಿ ಕಂಡುದನ್ನೇ ಅದು ನಿಮಿಷಮಾತ್ರದಲ್ಲಿ ತೋರಿಸುವುದು. ಮನೆಯಿಂದ ಮನೆಗೆ ನಡೆಯುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಆ ಪಟ್ಟಿಯ ಡಬ್ಬಿಯೊಂದು ಸದಾ ಇದ್ದು, 'ಅಮ್ಮಾ, ಒಂದು ಸಲ ಪರೀಕ್ಷೆ ಮಾಡಿಸ್ಕೊಳಿ' ಎಂದು ಅವಳು ಹೊಸ್ತಿಲ ಬಳಿ ನಿಲ್ಲುವುದು ಬರಗೂರಿನಂತಹ ಪ್ರತಿಯೊಂದು ಊರಿನ ವಾಡಿಕೆಯಾದ ದಿನ, ಎಷ್ಟೋ ಮನೆಗಳಲ್ಲಿ ಬಸ್ಸಾರಿನ ಕಟ್ಟನ್ನು ಯಾರಿಗೂ ತಪ್ಪಿಸದೆ ಎಲ್ಲರ ತಟ್ಟೆಗೂ ಬಡಿಸಬಹುದು.